ಸೊನ್ನೆ ರೂಪಾಯಿಯ ಟಿಕೆಟ್

ಕುಮಟೆಯಲ್ಲಿ ಮನೆ ಮಾಡಿದರೆ ಬಾಡಿಗೆ ಆರು ಸಾವಿರ. ಕೃಷ್ಣಾನಂದ ತನ್ನ ಕೆಲಸದ ಗ್ಯಾರೇಜಿಗೆ ನಡೆದೇ ಹೋಗಬಹುದು, ಪೆಟ್ರೋಲ್ ಖರ್ಚಿಲ್ಲ. ಹೊನ್ನಾವರದಲ್ಲಾದರೆ ಬಾಡಿಗೆ ಏಳೂವರೆ, ಅವನ ಬೈಕಿನ ಪೆಟ್ರೋಲಿಗೆ ಎರಡು. ಭಟ್ಕಳದಲ್ಲಾದರೆ ಬಾಡಿಗೆ ಎಂಟೂವರೆ, ಪೆಟ್ರೋಲಿಗೇ ಆರು ಸಾವಿರದ ಮೇಲೆ.

"ನಿನ್ನ ಬಸ್ಸಿಗೆ ಎಲ್ಲಿದ್ರೂ ಸೊನ್ನೆ!" ಕೃಷ್ಣಾನಂದ ನಕ್ಕ. "ಹೆಂಗಸರಿಗೆ ಫ್ರೀ ಅಲ್ದಾ? ಹಂಗಾಗಿ ಕುಮಟೆನೇ ಸರಿ."

ಧನ್ಯಾ ನಗಲಿಲ್ಲ.

ನಿಶ್ಚಿತಾರ್ಥ ಆದಮೇಲೆ ಇಬ್ಬರೇ ಎದುರೆದುರು ನಿಂತದ್ದು ಅದೇ ಮೊದಲು. ಕುಮಟೆಯ ಒಂದು ಮಹಡಿ ಮನೆಯ ಖಾಲಿ ಅಡುಗೆಕೋಣೆ. ಅವನ ಕೈಯಲ್ಲಿ ಸ್ಪೇರ್ ಪಾರ್ಟ್ಸ್ ಬಿಲ್ಲಿನ ಹಿಂಬದಿಗೆ ಬರೆದ ಲೆಕ್ಕ. ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದಳು ಅವಳು. ಇವತ್ತಾದರೂ ಅವನು ಏನಾದರೊಂದು ಪ್ರೀತಿಯ ಮಾತು ಹೇಳಬಹುದು ಎಂದು ದಾರಿಯುದ್ದಕ್ಕೂ ಎದೆ ಹೊಡೆದುಕೊಂಡಿತ್ತು...

ಅವನು ಹೇಳಿದ್ದು ಪೆಟ್ರೋಲಿನ ಲೆಕ್ಕ!

ಧನ್ಯಾ ಭಟ್ಕಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಏಳೂವರೆಗೆ ಡ್ಯೂಟಿ. ಅಲ್ಲಿಗೆ ಕುಮಟೆಯಿಂದ ಅರವತ್ತು ಕಿಲೋಮೀಟರ್. ಅವಳೂ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದಳು. ನಾಲ್ಕೂವರೆಗೆ ಏಳಬೇಕು. ಐದೂಮುಕ್ಕಾಲಿನ ಬಸ್ಸು. ಹೋಗಿಬರಲು ಮೂರು ತಾಸು. ನಡುವೆ ಎಂಟು ತಾಸು ವಾರ್ಡಿನಲ್ಲಿ ನಿಂತೇ ಇರಬೇಕು.

ಇದಕ್ಕೆಲ್ಲ ಸೊನ್ನೆಯಾ?

"ಎಂತಾತು? ಮಾತೇ ಇಲ್ಲ?"

"ಯೋಚಿಸಿ ಹೇಳ್ತೆ," ಎಂದಳು.

ಮನೆಯ ಒಡತಿ ಬಂಗಾರಕ್ಕ ಬಾಗಿಲಲ್ಲೇ ನಿಂತಿದ್ದಳು. "ಬೇಗ ಯೋಚಿಸು ತಂಗಿ. ಸಂಜೆ ಬೇರೆಯವ್ರು ನೋಡೂಕೆ ಬತ್ತರು."

ಭಟ್ಕಳಕ್ಕೆ ವಾಪಸು ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಮಂಕಿ ದಾಟುವವರೆಗೂ ಧನ್ಯಾ ಕಂಬಿ ಹಿಡಿದು ನಿಂತೇ ಇದ್ದಳು. ಅಕ್ಕ ಗಾಯತ್ರಿಯ ನೆನಪು ಬಿಡಲಿಲ್ಲ.

ಗಾಯತ್ರಿ ಟೀಚರ್ ಆಗಿದ್ದಳು, ಮದುವೆಯಾದ ಮೇಲೂ ಶಾಲೆಗೆ ಹೋಗುತ್ತಿದ್ದಳು. ದಿನಾ ಎರಡು ಬಸ್ಸು ಬದಲಿಸಿ, ಒಂದೇ ವರ್ಷ. ಆಮೇಲೆ ಅವಳೇ, "ಸಾಕಾತು ನಂಗೆ," ಎಂದು ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

'ನನಗೂ ಹಾಗೇ ಆದರೆ? ಇವರ ಲೆಕ್ಕದಲ್ಲಿ ನನ್ನ ಕೆಲಸ ಎಷ್ಟು ದಿನದ್ದು?'

ಮರುದಿನ ಮಧ್ಯಾಹ್ನ ಬಂಗಾರಕ್ಕನ ಫೋನು. "ತಂಗೀ, ನಿನ್ನ ಗಂಡಾಗೂವವ ನಿನ್ನೆ ಸಂಜೆನೇ ಐದು ಸಾವಿರ ಟೋಕನ್ ಕೊಟ್ಟ ಮಾರಾಯ್ತಿ! ಹಾಲು ಉಕ್ಕಿಸೂಕೆ ಯಾವಾಗ ಬರ್ತ್ರಿ?"

ಧನ್ಯಾ ಫೋನು ಇಟ್ಟಳು. ಯೋಚಿಸಿ ಹೇಳುತ್ತೇನೆ ಎಂದಿದ್ದೆ... ಒಂದು ರಾತ್ರಿ ಕೂಡ ಕಾಯಲಿಲ್ಲವೇ!

ಮೆಸೇಜ್ ಕಳಿಸಿದಳು. 'ಮನೆ ನೀವೇ ಆರಿಸಿದ್ದೀರಿ, ನೀವೇ ಇರಿ. ನನಗೆ ಫೋನ್ ಮಾಡಬೇಡಿ.'

ಅವನು ಮಾಡಲೇ ಇಲ್ಲ.

ಒಂದು ದಿನ, ಎರಡು ದಿನ. ಮದುವೆಗೆ ಇನ್ನು ಮೂರೇ ವಾರ. ಪ್ರತಿ ಸಲ ಫೋನು ಸದ್ದು ಮಾಡಿದಾಗಲೂ ಓಡಿಬಂದು ನೋಡುತ್ತಿದ್ದಳು. ಬಂದದ್ದು ಬಟ್ಟೆ ಅಂಗಡಿಯ ಮೆಸೇಜು.

ಜೊತೆಗೆ ರೂಮಿನಲ್ಲಿದ್ದ ರೇಖಾ ಗದರಿದಳು. "ಫೋನ್ ಮಾಡ್ಬೇಡಿ ಅಂದವಳು ನೀನೇ. ಈಗ ಫೋನನ್ನ ದಿಂಬಿನಡಿ ಇಟ್ಕಂಡು ಮಲಗೂದು ಎಂತಕ್ಕೆ?"

"ಟೈಮ್ ನೋಡೂಕೆ!"

"ಹೌದೌದು. ಟೈಮ್ ನೋಡಿ ಅಳ್ತಾರೆ ಯಾರಾದ್ರೂ?"

'ಎಲ್ಲ ಮುಗಿಯಿತಾ?' ಐದನೇ ದಿನ ಅದನ್ನೇ ಯೋಚಿಸುತ್ತ ಆಸ್ಪತ್ರೆಯ ಗೇಟಿಗೆ ಬಂದಳು. ಗಂಟೆ ಏಳೂಕಾಲು.

ಗೇಟಿನ ಬಳಿ ಕೃಷ್ಣಾನಂದ ನಿಂತಿದ್ದ!

ಶರಟು ಬೆವರಿಗೆ ಒದ್ದೆ. ಒಂದು ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಬೈಕು ಎಲ್ಲೂ ಕಾಣಲಿಲ್ಲ.

"ಎಂತದು ಇದು? ಬಿದ್ರಾ?"

"ಇಲ್ಲ. ಬಸ್ಸಲ್ಲಿ ಬಂದೆ." ಜೇಬಿನಿಂದ ನಾಲ್ಕು ಟಿಕೆಟ್ ತೆಗೆದು ಅವಳ ಅಂಗೈಯಲ್ಲಿಟ್ಟ. "ಐದೂಮುಕ್ಕಾಲಿನ ಬಸ್ಸು. ಐದು ದಿನ ಆತು. ದಿನಾ ಇಲ್ಲಿಯ ಸ್ಟ್ಯಾಂಡಿನವರೆಗೆ ಬಂದು, ಮುಂದಿನ ಬಸ್ಸಿಗೆ ವಾಪಸ್ ಹೋಗ್ತಿದ್ದೆ."

"ಐದು ದಿನಕ್ಕೆ ನಾಲ್ಕೇ ಟಿಕೆಟ್ಟಾ?"

"ಮೂರನೇ ದಿನ ಹತ್ತೂಕೇ ಆಗ್ಲಿಲ್ಲ. ಅಂಕೋಲೆಯಿಂದ್ಲೇ ತುಂಬ್ಕಂಡು ಬತ್ತದೆ. ಒಂದು ದಿನಾನೂ ಸೀಟು ಸಿಗ್ಲಿಲ್ಲ. ಗ್ಯಾರೇಜಿಗೆ ಹೋದ್ರೆ ಸ್ಪ್ಯಾನರ್ ಹಿಡಿಯೂಕೂ ತ್ರಾಣ ಇಲ್ಲ." ಅವನು ತಲೆ ತಗ್ಗಿಸಿದ. "ಸೊನ್ನೆ ಅಂತ ಬರೆದೆ ನೋಡು... ತಪ್ಪಾತು ಧನ್ಯಾ."

ಅವಳು ಟಿಕೆಟುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆದರೂ ಕೇಳಲೇಬೇಕಿತ್ತು. "ಮತ್ತೆ ಟೋಕನ್ ಯಾಕೆ ಕೊಟ್ರಿ?"

"ಸಂಜೆ ಬೇರೆಯವ್ರು ಬತ್ತರು ಅಂದ್ಲಲ್ಲ ಬಂಗಾರಕ್ಕ. ನೀ ಯೋಚಿಸೂವರೆಗೆ ಮನೆ ಕೈಬಿಡಬಾರ್ದು ಅಂತ ಕೊಟ್ಟೆ. ನಿಂಗೆ ಹೇಳಿ ಕೊಡಬೇಕಿತ್ತು."

"ನಂಗೆ ಭಯ ಆಗಿತ್ತು," ಧನ್ಯಾಳ ದನಿ ಒಡೆಯಿತು. "ಕೆಲಸ ಬಿಡು ಅಂತ ಯಾರೂ ಬಾಯಿಬಿಟ್ಟು ಹೇಳೂದಿಲ್ಲ. ಮನೆ ದೂರ ಮಾಡಿದ್ರೆ ಸಾಕು... ಅವಳೇ ಬಿಡ್ತಾಳೆ. ನಮ್ಮಕ್ಕ ಹಾಗೇ ಬಿಟ್ಟದ್ದು."

ಕೃಷ್ಣಾನಂದ ಆಸ್ಪತ್ರೆಯ ಬಾಗಿಲಿನತ್ತ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ಹೋದ ವರ್ಷ ನಮ್ಮೂರು ಮಾವಳ್ಳಿಯಿಂದ ಅಮ್ಮನ್ನ ಇಲ್ಲಿಗೇ ಕರ್ಕಂಡು ಬಂದಿದ್ದೆ. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ, ನೋವು ಗೊತ್ತಾಗಬಾರ್ದು ಅಂತ ಅವಳ ಹತ್ರ ಬಂಗಡೆ ಮೀನಿನ ಸಾರು ಹೆಂಗೆ ಮಾಡೂದು ಅಂತ ಕೇಳ್ತಿದ್ದೆ ನೀನು. ಅಮ್ಮ ಹೇಳ್ತಾ ಹೇಳ್ತಾ ನಕ್ಕಳು. ನಾ ಬಾಗಿಲಲ್ಲಿ ನಿಂತಿದ್ದೆ. ಅವತ್ತೇ ನಿನ್ನ ಮೇಲೆ ಮನಸ್ಸಾತು. ಆ ಕೆಲಸ ಬಿಡಿಸಿ, ಮತ್ಯಾರನ್ನ ಮನೆಗೆ ಕರ್ಕಂಡು ಹೋಗ್ಲಿ ನಾನು?"

ಧನ್ಯಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಅವಳು ಅವತ್ತು ಆ ಖಾಲಿ ಅಡುಗೆಕೋಣೆಯಲ್ಲಿ ಕೇಳಬಯಸಿದ್ದ ಮಾತು ಇದೇ!

"ಇದನ್ನ ಮೊದಲೇ ಹೇಳೂಕೆ ಎಂತಾಗಿತ್ತು?"

"ಹೆದರಿಕೆ. ಪೆಟ್ರೋಲಿನ ಲೆಕ್ಕ ಹೇಳೂದು ಸುಲಭ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ವಾಪಸ್ ಹೋಗುವಾಗ ಹೊನ್ನಾವರದಲ್ಲೂ ಇಳಿದು ವಿಚಾರಿಸಿದೆ," ಎಂದ ಅವನು. "ಆರೂಕಾಲಿಗೆ ಭಟ್ಕಳದ ಲೋಕಲ್ ಅಲ್ಲಿಂದ್ಲೇ ಹೊರಡ್ತದೆ. ಖಾಲಿ ಇರ್ತದೆ. ಸ್ಟ್ಯಾಂಡಿನ ಹಿಂದೆ ಒಂದು ಮನೆ ಉಂಟು. ಬೈಕಲ್ಲಿ ಕುಮಟೆಗೆ ನಂಗೆ ಅರ್ಧ ಗಂಟೆ. ಟೋಕನ್ ಕೊಟ್ಟಿಲ್ಲ ಮತ್ತೆ! ನೀ ನೋಡಿ ಹೇಳು."

"ನೋಡ್ತೆ. ಆದ್ರೆ ಒಂದು ಮಾತು. ಜೋರು ಮಳೆ ದಿನ ನೀವೂ ಬಸ್ಸೇ."

"ಆತು."

ಟೋಕನ್ ಹಣವನ್ನು ಬಂಗಾರಕ್ಕ ಹಿಂದೆ ಕೊಡಲಿಲ್ಲ. ಬಂದ ಗಿರಾಕಿಯನ್ನು ವಾಪಸು ಕಳಿಸಿದ್ದಳಲ್ಲ, ಕೇಳುವ ಹಾಗೂ ಇರಲಿಲ್ಲ.

ಮದುವೆಯಾಗಿ ಧನ್ಯಾ ಡ್ಯೂಟಿಗೆ ಮರಳಿದ ಮೊದಲ ಬೆಳಿಗ್ಗೆ, ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಬಸ್ಸೊಂದು ನಿಂತಿತ್ತು. ಕೃಷ್ಣಾನಂದ ಹೊರಗಿನಿಂದಲೇ ಕೈ ಚಾಚಿ, ಕಿಟಕಿಯೊಳಗೆ ತನ್ನ ಕರ್ಚೀಫ್ ಹಾಕಿ ಸೀಟು ಹಿಡಿದ.

"ಅಯ್ಯೋ, ಬಸ್ಸಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರಿಗೆ ಹೆದರಿ ಸೀಟು ಹಿಡೀತ್ರಿ?"

"ನಿಂಗೆ ಅಂತ ಹಿಡಿದದ್ದು. ಯಾರಿಗೋ ಹೆದರಿ ಅಲ್ಲ."

ಅವಳು ಕೂತು, ಕರ್ಚೀಫನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು. "ಇದು ವಾಪಸ್ ಸಿಗೂದಿಲ್ಲ."

"ಬೇಡ. ಸಂಜೆ ನೀ ವಾಪಸ್ ಬಂದ್ರೆ ಸಾಕು."

ಹೊನ್ನಾವರದ ಮನೆಗಾಗಿ ಅವರು ಕಳೆದುಕೊಂಡದ್ದು ಐದು ಸಾವಿರ, ಮೇಲೆ ತಿಂಗಳಿಗೆ ಮೂರೂವರೆ ಸಾವಿರ ಹೆಚ್ಚಿನ ಖರ್ಚು. ಸಿಕ್ಕಿದ್ದು ಒಂದು ಕಿಟಕಿ ಪಕ್ಕದ ಸೀಟು. ಧನ್ಯಾಳ ಕೆಲಸ ಉಳಿಯಿತು.