ಅಡ್ಡಲಾಗಿ ಬಿತ್ತಿದ ಜೋಳ

ಅಕ್ಟೋಬರ್ ಹನ್ನೊಂದು, ಬೆಳಿಗ್ಗೆ ಎಂಟೂವರೆ. ಶೆರಿಫ್ ಕಚೇರಿಯಲ್ಲಿ ಇನ್ನೂ ಕಾಫಿ ಇಳಿದಿರಲಿಲ್ಲ. ಮಾರ್ಲಿಸ್ ಸ್ಕೋಗೆನ್ ಒಳಗೆ ಬಂದವಳೇ, ಬುಡಸಮೇತ ಕಿತ್ತ ಒಂದು ಟರ್ನಿಪ್ ಗಿಡವನ್ನು ಮಣ್ಣಿನ ಜೊತೆಗೇ ಮೇಜಿನ ಮೇಲೆ ಕುಕ್ಕಿದಳು.

"ನನ್ನ ಗಂಡ ಸತ್ತ ಜಾಗದಲ್ಲಿ ಯಾರೋ ಇದನ್ನ ಬೆಳೆದಿದಾರೆ. ದೂರು ಬರ್ಕೊಳ್ಳಿ."

ಡೆಪ್ಯುಟಿ ಟೆರಿ ವೊಬೋರಿಲ್ ಮಣ್ಣನ್ನು ಬದಿಗೆ ಸರಿಸಿ ಕಾಗದ ತೆಗೆದ. "ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಯಾಕೆ ಬೇಕು? ಲೈಲ್ ಹೆಂಕೆ. ಅವನ ಹೆಸರೇ ಬರಿ."

ವಿಸ್ಕಾನ್ಸಿನ್ನಿನ ನಮ್ಮ ಈ ಮೂಲೆಯಲ್ಲಿ ಜಿಂಕೆಗೆ ಮೇವು ಬಿತ್ತುವುದು ಸುದ್ದಿಯೇ ಅಲ್ಲ. ನವೆಂಬರಿನ ಬೇಟೆಗೆ ಆಗಸ್ಟಿನಲ್ಲೇ ಟರ್ನಿಪ್, ಓಟ್ಸ್, ಕ್ಲೋವರ್ ಚೆಲ್ಲಿ, ಮಂಜು ಬಿದ್ದು ಎಲೆ ಸಿಹಿಯಾಗುವುದನ್ನೇ ಕಾಯುತ್ತಾ ಕೂರುವ ಜನ ನಾವು. ಹಿತ್ತಲಲ್ಲಿ ಒಂದು ಟೊಮೆಟೊ ಗಿಡ ನೆಡದ ಸೋಮಾರಿಯೂ ಜಿಂಕೆಗೆಂದರೆ ಅರ್ಧ ಎಕರೆ ಉಳುತ್ತಾನೆ. ಆದರೆ ಇನ್ನೊಬ್ಬರ ನೆಲದಲ್ಲಿ ಕದ್ದು ಕೊಯ್ದವರನ್ನು ಕಂಡಿದ್ದೇವೆಯೇ ಹೊರತು, ಕದ್ದು ಬಿತ್ತಿದವರನ್ನು ಯಾರೂ ಕಂಡಿರಲಿಲ್ಲ.

ಟೆರಿ ದೂರನ್ನು ದಾಖಲಿಸಿಕೊಂಡು ತನಿಖಾಧಿಕಾರಿ ರಾಕ್ಸಾನ್ ಪ್ರೊಚಾಸ್ಕಾ ಅವರ ಮುಂದಿಟ್ಟ. 'ಸ್ಕೋಗೆನ್' ಎಂಬ ಹೆಸರು ಕಂಡದ್ದೇ ಪ್ರೊಚಾಸ್ಕಾ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಎರಡು ವರ್ಷದ ಹಿಂದೆ, ಬೇಟೆ ಶುರುವಾದ ಮೊದಲ ಬೆಳಿಗ್ಗೆ, ಮಾರ್ಲಿಸ್‌ಳ ಗಂಡ ಡ್ವೇನ್ ತಾನು ಹೊಡೆದ ಗಂಡು ಜಿಂಕೆಯನ್ನು ಕೊಂಬು ಹಿಡಿದು ಎಳೆದು ತರುತ್ತಿದ್ದಾಗ ಯಾರದೋ ಗುಂಡು ತಗುಲಿ ಸತ್ತಿದ್ದ. ಎಳೆದು ಬೆವೆತು, ದೂರದಿಂದ ಕಾಣಲೆಂದು ಬೇಟೆಗಾರರೆಲ್ಲ ತೊಡಲೇಬೇಕಾದ ಕಿತ್ತಳೆ ಬಣ್ಣದ ಕೋಟನ್ನು ಬಿಚ್ಚಿ ಜಿಂಕೆಯ ಮೇಲೆ ಹಾಕಿದ್ದ. ಅದು ದಾರಿಯಲ್ಲೇ ಜಾರಿ ಬಿದ್ದಿತ್ತು. ಗುಂಡು ಮೈ ತೂರಿ ಹೋಗಿತ್ತು, ಸಿಗಲಿಲ್ಲ. ದೇಹ ಇಳಿಜಾರಿನಲ್ಲಿ ಉರುಳಿದ್ದರಿಂದ ಗುಂಡು ಯಾವ ಕಡೆಯಿಂದ ಬಂತೆಂದೂ ತಿಳಿಯಲಿಲ್ಲ. ಪಡುವಣಕ್ಕೆ ರಸ್ತೆ, ರಸ್ತೆಯಾಚೆ ಲೈಲ್‌ನ ಹೊಲ. ಆ ಬೆಳಿಗ್ಗೆ ತಾನು ಒಂದು ಗುಂಡು ಹಾರಿಸಿದ್ದು ನಿಜವೆಂದು ಲೈಲ್ ತಾನಾಗಿಯೇ ಹೇಳಿದ್ದ. ಪ್ರೊಚಾಸ್ಕಾ ಅವನನ್ನು ಇಡೀ ದಿನ ಕೂರಿಸಿ ಪ್ರಶ್ನಿಸಿದ್ದರು, ಬಂದೂಕು ಜಪ್ತಿ ಮಾಡಿದ್ದರು. ಏನೂ ಸಾಬೀತಾಗಲಿಲ್ಲ. ಆದರೆ ಊರಿಗೆ ಸಾಬೀತು ಬೇಕಿರಲಿಲ್ಲ.

ಹತ್ತು ಗಂಟೆಗೆ ಸ್ಥಳ ಮಹಜರು. ಕಾಡಿನ ನಡುವೆ ಬಯಲು, ಅದರ ತುಂಬ ಮಂಡಿಯೆತ್ತರದ ಟರ್ನಿಪ್ ಮತ್ತು ಓಟ್ಸ್. ಒಂದು ಕಳೆ ಇಲ್ಲ. ಮೂಡಲಿಗೆ ದಿಬ್ಬದ ಮೇಲೆ ಒಂದು ಹಳೇ ಬಾಸ್‌ವುಡ್ ಮರ, ಅದರಲ್ಲಿ ಹತ್ತಡಿ ಎತ್ತರಕ್ಕೆ ಕಟ್ಟಿದ ಮರದ ಅಟ್ಟಣೆ. ಪಡುವಣ ಅಂಚಿನ ತಗ್ಗಿನಲ್ಲಿ ಡ್ವೇನ್ ಬಿದ್ದ ಕಾಲುದಾರಿ. ಬಡಗಣಕ್ಕೆ ಗುಡ್ಡ. ಬಯಲಿನ ಮಧ್ಯದಲ್ಲಿ ಮಾತ್ರ ಆಳೆತ್ತರ ಮೀರಿದ ಜೋಳದ ಒಂದು ದಟ್ಟ ಪಟ್ಟಿ, ಗೋಡೆಯಂತೆ.

"ಈ ಜೋಳ ಎಷ್ಟು ದಿನದ್ದು?" ಎಂದು ಪ್ರೊಚಾಸ್ಕಾ ಕೇಳಿದರು.

"ಜೂನಿನದು, ಮೇಡಂ. ಟರ್ನಿಪ್ ಆಗಸ್ಟಿನದು. ಪುಣ್ಯಾತ್ಮ ಎರಡು ಸಲ ಬಂದಿದಾನೆ, ಟ್ರ್ಯಾಕ್ಟರ್ ತಂದಿದಾನೆ. ಇವಳಿಗೆ ಗೊತ್ತೇ ಆಗಿಲ್ಲ" ಅಂದ ಟೆರಿ.

"ಹಗಲೆಲ್ಲ ನಾನು ಚೀಸ್ ಕಾರ್ಖಾನೇಲಿ ಇರ್ತೀನಿ" ಅಂದಳು ಮಾರ್ಲಿಸ್. "ಡ್ವೇನ್ ಹೋದ ಮೇಲೆ ಈ ಕಡೆ ಕಾಲಿಟ್ಟಿರಲಿಲ್ಲ. ಈ ನವೆಂಬರಿಗೆ ನನ್ನ ತಮ್ಮ ಬೇಟೆಗೆ ಬರ್ತಾನೆ, ಆ ಅಟ್ಟಣೆ ಗುಡಿಸಿಡೋಣ ಅಂತ ನಿನ್ನೆ ಬಂದೆ. ನೋಡಿದ್ರೆ ಇದು. ಮೈಯೆಲ್ಲಾ ಉರಿದುಹೋಯ್ತು. ಕೊಂದಿದ್ದು ಸಾಲದು ಅಂತ ಅವನ ಜಾಗದಲ್ಲೇ ಜಿಂಕೆ ಮೇಯಿಸ್ತಾನಾ? ಮಾವ ಅಂತೂ 'ಪೊಲೀಸ್ ಹತ್ರ ಹೋಗ್ಬೇಡ, ಬಿಡು' ಅಂದ್ರು. ನಾನು ಬಿಡಲ್ಲ."

ಲೈಲ್ ಹೆಂಕೆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ತೊಳೆಯುತ್ತಿದ್ದ. ಜೀಪು ನೋಡಿ ನಲ್ಲಿ ನಿಲ್ಲಿಸಿದ.

"ಮಾರ್ಲಿಸ್ ಜಾಗದ ಬೇಲಿ ದಾಟಿದೀರಾ?" ಎಂದು ಪ್ರೊಚಾಸ್ಕಾ ಕೇಳಿದರು.

"ಇಲ್ಲ."

"ಅಲ್ಲಿ ಯಾರೋ ಬಿತ್ತಿದಾರೆ. ಗೊತ್ತಾ?"

"ಗೊತ್ತು."

"ಯಾರು?"

ಲೈಲ್ ಕೈ ಒರೆಸಿಕೊಂಡ. "ನಾನು ಹೇಳಿದ್ರೆ ನಂಬ್ತೀರಾ? ಹೋದ ಸಲ ಹೇಳಿದ್ದನ್ನ ನಂಬಿದ್ರಾ?"

ಟೆರಿ, "ಹೇಳೋ ಮಾರಾಯಾ, ಬಿಗುಮಾನ ಸಾಕು" ಅಂದ.

"ನನಗೆ ಬಿಗುಮಾನ ಎಲ್ಲಿಂದ ಬರ್ಬೇಕು? ಎರಡು ವರ್ಷದಿಂದ ಕೆಫೆಯಲ್ಲಿ ನನ್ನ ಮೇಜಿಗೆ ಯಾರೂ ಕೂರಲ್ಲ. ಚರ್ಚಿನಲ್ಲಿ ನನ್ನ ಹೆಂಡತಿ ಮಾಡಿದ ಕಡುಬನ್ನ ಯಾರೂ ಮುಟ್ಟಲ್ಲ. ಟ್ರ್ಯಾಕ್ಟರ್ ಸದ್ದು ಕೇಳ್ತು. ಆ ಹಳೇ ಎಂಜಿನ್ನು ಫಟ್ ಫಟ್ ಅನ್ನೋದು ಈ ಸುತ್ತಿನಲ್ಲಿ ಒಂದೇ ಇರೋದು. ಅರ್ವಿಡ್‌ದು."

"ಡ್ವೇನ್‌ನ ಅಪ್ಪ?"

"ಮಗನ ನೆನಪಿಗೆ ಬಿತ್ತುತಾನೆ ಅಂದ್ಕೊಂಡೆ. ಅದನ್ನ ಯಾರ ಹತ್ರ ಚಾಡಿ ಹೇಳ್ಲಿ? ಬಿತ್ಕೊಳ್ಲಿ ಪಾಪ."

ಎಪ್ಪತ್ತೊಂದರ ಅರ್ವಿಡ್ ಸ್ಕೋಗೆನ್ ಬಾಗಿಲಲ್ಲೇ ನಿಂತಿದ್ದ. ಪ್ರೊಚಾಸ್ಕಾ ಮಾತು ಮುಗಿಸುವ ಮೊದಲೇ, "ಲೈಲ್ ಅಲ್ಲ, ನಾನು" ಅಂದ. "ಅವನನ್ನ ಬಿಟ್ಬಿಡಿ. ಅವನ ಮೇಲೆ ದೂರು ಅಂತ ಮಾರ್ಲಿಸ್ ಫೋನಿನಲ್ಲಿ ಹೇಳಿದಾಗಿಂದ ನನಗೆ ತುತ್ತು ಇಳೀತಾ ಇಲ್ಲ."

"ಸೊಸೆಗೆ ಯಾಕೆ ಹೇಳಲಿಲ್ಲ?"

"ಬೇಜಾರು ಮಾಡ್ಕೋತಾಳೆ ಅಂತ."

"ಆ ಜೋಳ ಯಾಕೆ?"

"ಜಿಂಕೆಗೆ ಮರೆ ಬೇಕಲ್ಲಮ್ಮಾ."

ಅಲ್ಲಿಗೆ ಎಲ್ಲಾ ಮುಗಿದಂತೆಯೇ ಆಯಿತು. ಸುದ್ದಿ ತಿಳಿದ ಮಾರ್ಲಿಸ್ ಫೋನಿನಲ್ಲೇ ಅತ್ತಳು. ಅಯ್ಯೋ ಮಾವ, ನನಗೆ ಒಂದು ಮಾತು ಹೇಳಬಾರದಿತ್ತಾ ಎಂದು ಗದರಿದಳಂತೆ, ಸಂಜೆ ಊಟಕ್ಕೆ ಕರೆದಳಂತೆ. ದೂರು ಹಿಂದಕ್ಕೆ ಪಡೆದಳು. ಟೆರಿ ಕಡತದ ಮೇಲೆ 'ಮುಕ್ತಾಯ' ಎಂದು ಬರೆಯಲು ಪೆನ್ನು ಬಿಚ್ಚಿದ, ಬಿಚ್ಚಿದವನು ನಗತೊಡಗಿದ.

"ಏನೋ?" ಎಂದರು ಪ್ರೊಚಾಸ್ಕಾ.

"ಮುದುಕನಿಗೆ ಅರಳುಮರಳು, ಮೇಡಂ. ಹುಟ್ಟಿದಾಗಿಂದ ಬೇಟೆ ಆಡಿದವನು. ನನಗೇ ಜಿಂಕೆ ಹೊಡೆಯೋದು ಕಲಿಸಿದವನು. ಹೋಗಿ ಹೋಗಿ ಅಟ್ಟಣೆಗೆ ಅಡ್ಡಲಾಗಿ ಜೋಳ ಬೆಳೆಸಿದಾನೆ! ಮೇಲೆ ಕೂತವನಿಗೆ ಅರ್ಧ ಬಯಲು ಕಾಣೋದೇ ಇಲ್ಲ. ಮರೆ ಬೇಕಂದ್ರೆ ಅಂಚಿಗೆ ಬಿತ್ತಬೇಕು. ಎಳೇ ಹುಡುಗರೂ ಮಾಡದ ತಪ್ಪು."

ಪ್ರೊಚಾಸ್ಕಾ ನಗಲಿಲ್ಲ. "ಪೆನ್ನು ಮುಚ್ಚು. ನಾಳೆ ಬೆಳಿಗ್ಗೆ ಇನ್ನೊಂದು ಸಲ ಅಲ್ಲಿಗೆ ಹೋಗೋಣ" ಅಂದರು.

ಮಾರನೇ ದಿನ ಬೆಳಿಗ್ಗೆ ಅವರೇ ಆ ಅಟ್ಟಣೆ ಹತ್ತಿದರು. ಎರಡು ವರ್ಷದ ಹಿಂದೆ ಅದನ್ನು ಕೆಳಗಿನಿಂದ ನೋಡಿ, ಇಲ್ಲಿ ಯಾರೂ ಕೂತಿರಲಿಲ್ಲ ಎಂದು ಬರೆದುಕೊಂಡು ಹೋಗಿದ್ದರು. ಅದು ಅರ್ವಿಡ್‌ನ ಹಳೇ ಜಾಗ. ಮೊಣಕಾಲು ನೋವು, ಆ ಬೆಳಿಗ್ಗೆ ಮನೆಯಲ್ಲೇ ಇದ್ದೆ ಎಂದು ಅವನು ಹೇಳಿದ್ದ. ಮಗ ಸತ್ತ ಅಪ್ಪನನ್ನು ಹೆಚ್ಚು ಕೆದಕಲು ಯಾರಿಗೆ ಮನಸ್ಸು ಬರುತ್ತದೆ?

"ಕಾಲುದಾರಿಗೆ ಹೋಗಿ ನಿಲ್ಲು" ಎಂದು ಮೇಲಿನಿಂದ ಕೂಗಿದರು. "ಡ್ವೇನ್ ಬಿದ್ದ ಕಡೆ."

ಟೆರಿ ಹೋಗಿ ನಿಂತ. ಜೋಳದ ಹಿಂದೆ ಅವನ ಟೋಪಿಯೂ ಕಾಣಲಿಲ್ಲ. ಎರಡು ಮಾರು ಎಡಕ್ಕೆ ಸರಿಯಲು ಹೇಳಿದರು, ಬಲಕ್ಕೆ ಸರಿಯಲು ಹೇಳಿದರು. ದಾರಿಯ ಉದ್ದಕ್ಕೂ ಅವನು ಕಾಣಲಿಲ್ಲ. ಕಾಣುತ್ತಿದ್ದದ್ದು ಬಡಗಣದ ಟರ್ನಿಪ್ ಮಾತ್ರ. ಅಲ್ಲಿ ಮೇಯುವ ಜಿಂಕೆಗೆ ಹಾರಿಸಿದ ಗುಂಡು ತಪ್ಪಿದರೂ ಹೋಗಿ ಗುಡ್ಡದ ಮಣ್ಣಿಗೆ ಬೀಳಬೇಕು, ಬೇರೆ ದಾರಿ ಇಲ್ಲ.

ಇದು ತಪ್ಪಿ ಬಿತ್ತಿದ್ದಲ್ಲ. ಈ ಮರದಿಂದ ಆ ದಾರಿಗೆ ಇನ್ನೊಂದು ಗುಂಡು ಹೋಗಬಾರದೆಂದು ಬಿತ್ತಿದ್ದು. ಗುಂಡು ಮೊದಲು ಹೋಗಿದ್ದು ಇಲ್ಲಿಂದಲೇ ಎಂದು ಬಲ್ಲವನಲ್ಲದೆ ಇನ್ನಾರು ಹಾಗೆ ಬಿತ್ತುತ್ತಾರೆ? ಗುಂಡು ರಸ್ತೆಯಾಚೆಯಿಂದ ಬಂತೆಂದುಕೊಂಡು ಪ್ರೊಚಾಸ್ಕಾ ಆಗ ಅದನ್ನು ಹುಡುಕಿಸಿದ್ದು ದಾರಿಯ ಮೂಡಲ ಬದಿಯಲ್ಲಿ. ಪಡುವಣ ಬದಿಯನ್ನು ಯಾರೂ ಮುಟ್ಟಿರಲಿಲ್ಲ.

ಹನ್ನೊಂದೂಕಾಲಿಗೆ ಲೋಹಶೋಧಕ ಹಿಡಿದ ಟೆರಿ ದಾರಿಯ ಪಡುವಣಕ್ಕಿದ್ದ ಒಂದು ಓಕ್ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಬೇರಿನಿಂದ ಚಪ್ಪಟೆಯಾದ ಗುಂಡನ್ನು ಬಿಡಿಸಿ, ಫೋಟೋ ತೆಗೆದು, ಮಹಜರು ಬರೆದು ಮೊಹರು ಹಾಕಿದರು. ಲೈಲ್‌ನ ಬಂದೂಕಿನ ಗುಂಡಿಗಿಂತ ದಪ್ಪ. ಈಗ ಹೆಚ್ಚು ಜನ ಬಳಸದ ಹಳೇ ಅಳತೆ.

"ಈ ಅಳತೆ ನನಗೆ ಗೊತ್ತು" ಅಂದ ಟೆರಿ. "ನನ್ನ ಮೊದಲ ಜಿಂಕೆ ಹೊಡೆದದ್ದು ಅದೇ ಬಂದೂಕಿನಲ್ಲಿ. ಅರ್ವಿಡ್ ತಾನೇ ಕೈಗೆ ಕೊಟ್ಟಿದ್ದ."

ಮಧ್ಯಾಹ್ನ ಅರ್ವಿಡ್‌ನ ಅಡುಗೆಮನೆ. ಮಾತಾಡದೆ ಇರುವ ಹಕ್ಕು, ವಕೀಲರನ್ನು ಕರೆಸುವ ಹಕ್ಕು, ಎಲ್ಲವನ್ನೂ ಪ್ರೊಚಾಸ್ಕಾ ಓದಿ ಹೇಳಿದರು. ಅವನು ತಲೆಯಾಡಿಸಿದ. ಗುಂಡಿನ ಚೀಲವನ್ನು ಮೇಜಿನ ಮೇಲಿಟ್ಟಾಗ ಅದನ್ನು ನೋಡಲಿಲ್ಲ, ಟೆರಿಯನ್ನು ನೋಡಿದ.

"ನೀನೇ ಹುಡುಕಿದ್ಯೇನೋ?"

"ಹ್ಞೂಂ."

"ಒಳ್ಳೇದಾಯ್ತು. ಬಂದೂಕು ಒಳಗಿನ ಬೀರುವಿನಲ್ಲಿದೆ. ತೊಗೋ. ಅವತ್ತಿಂದ ಮುಟ್ಟಿಲ್ಲ."

"ಅಟ್ಟಣೇಲಿ ನೀವಿದ್ರಾ?" ಎಂದು ಪ್ರೊಚಾಸ್ಕಾ ಕೇಳಿದರು.

"ಇದ್ದೆ. ಬರಲ್ಲ ಅಂದಿದ್ದೆ ಡ್ವೇನ್‌ಗೆ. ಬೆಳಿಗ್ಗೆ ನೋವು ಕಮ್ಮಿ ಇತ್ತು, ಮನಸ್ಸು ತಡೀಲಿಲ್ಲ. ಆ ಕೊಂಬಿನ ಜಿಂಕೇನ ಮೂರು ವರ್ಷ ಮೇಯಿಸಿದ್ವಿ ಇಬ್ರೂ. ಕೊಂಬು ಪೊದೆ ಹಿಂದೆ ಅಲ್ಲಾಡ್ತು. ಅದೇ ಕೊಂಬು. ಅದನ್ನ ಹೊಡೆದು ಡ್ವೇನ್ ಎಳೀತಾ ಇರೋದು ಅಂತ ಹೇಗೆ ಗೊತ್ತಾಗ್ಬೇಕು ನನಗೆ? ಪೂರ್ತಿ ಕಾಣೋವರೆಗೆ ಗುರಿ ಇಡಬಾರದು ಅಂತ ಊರಿನ ಹುಡುಗರಿಗೆಲ್ಲ ಪಾಠ ಹೇಳಿದವನು ನಾನು."

"ಕೆಳಗೆ ಬಂದು ನೋಡಿದ್ರಾ?"

"ನೋಡಿದೆ. ಜೀವ ಇರಲಿಲ್ಲ. ಮನೆಗೆ ಬಂದು ಫೋನ್ ಪಕ್ಕ ಕೂತೆ. ನನ್ನ ಮಗ ಸತ್ತ ಅಂತ ಯಾರಾದರೂ ನನಗೆ ಹೇಳ್ಲಿ ಅಂತ ಕಾಯ್ತಾ ಕೂತೆ, ಅಮ್ಮಾ. ಮಾರ್ಲಿಸ್ ಫೋನ್ ಮಾಡಿದ್ಲು. 'ಮಾವ, ಲೈಲ್ ಕೊಂದ್ಬಿಟ್ಟ, ನನಗಿನ್ನು ನೀವಲ್ದೆ ಯಾರಿದಾರೆ' ಅಂದ್ಲು. ಬಾಯಿ ತೆಗೆದೆ. ಮಾತು ಬರಲಿಲ್ಲ."

"ಆಮೇಲೆ ಎರಡು ವರ್ಷ ಇತ್ತಲ್ಲ?"

"ಇತ್ತು. ಪ್ರತಿ ಭಾನುವಾರ ಅವಳ ಮನೇಲಿ ಊಟ. ಬಡಿಸುವಾಗೆಲ್ಲ ಲೈಲ್‌ನ ಬೈತಾಳೆ. ನಾನು ತಟ್ಟೆ ನೋಡ್ಕೊಂಡು ಉಣ್ತೀನಿ. ಇವತ್ತು ಹೇಳ್ತೀನಿ ಅಂತ ಹೋಗ್ತಿದ್ದೆ, ಕೈ ತೊಳ್ಕೊಂಡು ವಾಪಸ್ ಬರ್ತಿದ್ದೆ. ಹೇಡಿ ನಾನು. ಮಗನನ್ನ ಕೊಂದಿದ್ದು ಕೈ ತಪ್ಪು ಅನ್ನಬಹುದು. ಲೈಲ್‌ನ ಕೊಂದಿದ್ದು ಕೈ ತಪ್ಪಲ್ಲ. ಅದನ್ನ ದಿನಾ ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ."

ನವೆಂಬರಿಗೆ ನನ್ನ ತಮ್ಮ ಬೇಟೆಗೆ ಬರುತ್ತಾನೆ, ಹಳೇ ಅಟ್ಟಣೆಯಲ್ಲೇ ಕೂರಿಸುತ್ತೇನೆ ಎಂದು ಮಾರ್ಲಿಸ್ ಈ ವಸಂತದಲ್ಲಿ ಹೇಳಿದ ದಿನದಿಂದ ಅರ್ವಿಡ್‌ಗೆ ನಿದ್ದೆ ಬಂದಿರಲಿಲ್ಲ. ಅಟ್ಟಣೆ ಕೆಡವಲು ಕೊಡಲಿ ಹಿಡಿದು ಹೋಗಿದ್ದನಂತೆ. ಆ ಮರದ ಹತ್ತಿರಕ್ಕೆ ಕಾಲೇ ಬರಲಿಲ್ಲ. ತನಗೆ ಗೊತ್ತಿದ್ದದ್ದು ಬಿತ್ತನೆ, ಬಿತ್ತಿದ. ಜಿಂಕೆ ಗುಡ್ಡದ ಕಡೆ ಮೇಯಲಿ, ದಾರಿ ಯಾರ ಕಣ್ಣಿಗೂ ಬೀಳದಿರಲಿ.

ಒಂದೂ ಮುಕ್ಕಾಲಿಗೆ ಬಂಧನ. ನಿರ್ಲಕ್ಷ್ಯದಿಂದ ಬಂದೂಕು ಬಳಸಿ ಸಾವಿಗೆ ಕಾರಣನಾದದ್ದು, ತನಿಖೆಯ ದಾರಿ ತಪ್ಪಿಸಿದ್ದು, ಎರಡು ಆರೋಪ. ಟೆರಿ ಕೈಕೋಳ ತೆಗೆದವನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಅರ್ವಿಡ್ ತಾನೇ ಎರಡೂ ಕೈ ಮುಂದೆ ಚಾಚಿ, "ಹಾಕೋ. ಎಲ್ಲರಿಗೂ ಹಾಕೋ ಹಾಗೇ ಹಾಕು" ಅಂದ.

ಮಾರ್ಲಿಸ್‌ಗೆ ಕಾರ್ಖಾನೆಯ ಹೊರಗೆ ವಿಷಯ ತಿಳಿಸಿದರು. ತಲೆಯ ಮೇಲಿನ ಬಲೆಟೋಪಿ ತೆಗೆಯುವುದನ್ನೂ ಮರೆತು ಅವಳು ಗೋಡೆಗೆ ಒರಗಿ ನಿಂತಳು. ಬೈಯುತ್ತಾಳೆ, ಕಿರುಚುತ್ತಾಳೆ ಎಂದುಕೊಂಡಿದ್ದ ಟೆರಿ ದೂರ ಸರಿದು ನಿಂತಿದ್ದ.

"ಲೈಲ್ ಅಂತ ಮೊದಲು ಅಂದಿದ್ದೇ ನಾನು" ಅಂದಳು. "ಮಾವನ ಬಾಯಿಗೆ ನಾನೇ ಇಟ್ಟೆ ಆ ಹೆಸರನ್ನ. ಊರಿನ ಬಾಯಿಗೂ. ಮೇಡಂ, ನನ್ನನ್ನ ಲೈಲ್ ಮನೆಗೆ ಕರ್ಕೊಂಡು ಹೋಗ್ತೀರಾ? ಒಬ್ಬಳೇ ಹೋಗೋಕೆ ನನಗೆ ಮುಖ ಇಲ್ಲ."

"ನನಗೂ ಇಲ್ಲ" ಅಂದರು ಪ್ರೊಚಾಸ್ಕಾ. "ಬನ್ನಿ."

ನಾಲ್ಕು ಗಂಟೆಯ ಬಿಸಿಲಲ್ಲಿ ಜೀಪು ಅಂಗಳಕ್ಕೆ ಬಂದಾಗ ಲೈಲ್ ಕೊಟ್ಟಿಗೆಯಿಂದ ಹೊರಗೆ ಬಂದ. ಜೀಪಿನಿಂದ ಮೊದಲು ಪ್ರೊಚಾಸ್ಕಾ, ಅವರ ಹಿಂದೆ ಮಾರ್ಲಿಸ್ ಇಳಿದದ್ದನ್ನು ನೋಡಿದ. ಅವನ ಹೆಂಡತಿ ಬಾಗಿಲಿಗೆ ಬಂದಳು. ಅವಳಿಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿ, ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ, ಎಲ್ಲಿಗೋ ಹೊರಡಲು ಸಿದ್ಧನಾದವನಂತೆ.

"ಈ ಸಲ ನಾನು ಏನು ಮಾಡಿದೀನಿ?" ಅಂದ.

ಪ್ರೊಚಾಸ್ಕಾ ಬಾಯಿ ತೆರೆಯುವ ಮೊದಲು ಮಾರ್ಲಿಸ್ ಮುಂದೆ ಬಂದಳು.

"ಏನೂ ಮಾಡಿಲ್ಲ, ಲೈಲ್" ಅಂದಳು. "ಅವತ್ತೂ ಏನೂ ಮಾಡಿರಲಿಲ್ಲ."