ಗೋರಿ ಯಾರದೋ ದ್ವೀಪ ಅವರದು

ತಮ್ಮನ ಹೆಣವನ್ನು ಅಗೆದು ಇಗರ್ಜಿಯ ಮಣ್ಣಿಗೆ ತರಬೇಕು. ಅಪೊಲೊನಿಯಾ ಸಮುದ್ರಕ್ಕಿಳಿದದ್ದು ಅಷ್ಟಕ್ಕೇ.

ಈ ಕತೆಯ ಲೋಕದಲ್ಲಿ ಪರಂಗಿಗಳು ಕೊಲ್ಲಿಯನ್ನು ಬಿಟ್ಟು ಹೋಗಿರಲೇ ಇಲ್ಲ. ಮೆಟ್ರೊ, ಮೊಬೈಲು ಬಂದ ಮೇಲೂ ದುಬೈ ಪೋರ್ಚುಗೀಸರದು, ಅಬುಧಾಬಿ ಇಂಗ್ಲಿಷರದು. ನಡುವೆ ಕಡಲಲ್ಲಿ ಎದ್ದ ಮರಳುದಿಬ್ಬಗಳಿಗಾಗಿ ಮಾತ್ರ ಇಬ್ಬರದೂ ಕಚ್ಚಾಟ. ಯಾರ ಪ್ರಜೆಯ ಗೋರಿ ಇದೆಯೋ ದ್ವೀಪ ಅವರದು ಎಂಬ ಹಾಳು ಒಪ್ಪಂದ ಬೇರೆ. ದೊರೆಗಳ ಬಾವುಟಕ್ಕೆ ಬಡವರ ಹೆಣವೇ ಬುಡ! ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಕ್ರೇನಿನಿಂದ ಬಿದ್ದು ಸತ್ತ ಅಲೆಕ್ಸಾಂಡರನನ್ನು ಪೋರ್ಚುಗೀಸರು ತಮ್ಮ ಪ್ರಜೆಯೆಂದು, ಅಕ್ಕನಿಗೂ ತೋರಿಸದೆ ಅಂಥದೊಂದು ದಿಬ್ಬದಲ್ಲಿ ಹೂತುಬಿಟ್ಟಿದ್ದರು.

ದೋಣಿ ನಡೆಸುತ್ತಿದ್ದವನು ನೂರುದ್ದೀನ್, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅಂಗಡಿಯಿಟ್ಟ ಭಟ್ಕಳದವನು, ಸತ್ತವನ ಗೆಳೆಯ. ಬೆಳಗಾಗಿದ್ದರೂ ಬಿಸಿಲಿರಲಿಲ್ಲ. ಧೂಳು ಮುಸುಕಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಉಪ್ಪುನೀರಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಕೆಸರು ನಾರುತ್ತಿತ್ತು.

"ಇಳಿತ ಶುರುವಾಗಿದೆ ಬಾಯಮ್ಮ. ಬೇಗ ಆಗ್ಬೇಕು. ತಡವಾದ್ರೆ ದೋಣಿ ಮರಳಲ್ಲೇ ಕೂರ್ತದೆ. ಕಾವಲಿನವ್ರು ಬಂದ್ರೆ ಮತ್ತೆ ಜೈಲೇ."

ಶಿಲುಬೆಯ ಕೆಳಗೆ ಅಗೆದರು. ಪೆಟ್ಟಿಗೆ ಸಿಕ್ಕಿತು. ಹಗ್ಗ ಬಿಗಿದು ಎಳೆದು ದೋಣಿಗೆ ಹಾಕಿದರು.

"ಖಲಾಸ್! ಹೋಗುವ," ಎಂದಳು ಅಪೊಲೊನಿಯಾ.

ನೂರುದ್ದೀನ್ ಅಲುಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಗುಡ್ಡೆ ಇತ್ತು. ಅದರ ಮೇಲೆ ಇಂಗ್ಲಿಷರ ಬಾವುಟ, ತಲೆದಿಕ್ಕಿನ ಹಲಗೆಯಲ್ಲಿ 'ಉಮರ್, ಭಟ್ಕಳ' ಎಂಬ ಹೆಸರು.

"ಇವನ ಕಾಲು ಕಿಬ್ಲಾದ ಕಡೆಗೆ ಹಾಕಿದ್ದಾರೆ ಬಾಯಮ್ಮ. ಮೆಕ್ಕಾಕ್ಕೆ ಮುಖ ಮಾಡಿ ಮಲಗಿಸ್ಬೇಕಿತ್ತು. ಹೀಗೇ ಬಿಟ್ಟು ಹೇಗೆ ಹೋಗುವುದು?"

"ಅವನನ್ನೂ ತಗೊಂಡು ಹೋಗುವ ಹಾಗಾದ್ರೆ."

"ಮಣ್ಣಿಗೆ ಕೊಟ್ಟವನನ್ನು ನಾವು ಊರೂರು ಹೊರುವುದಿಲ್ಲ. ತಿರುಗಿಸಿದ್ರೆ ಸಾಕು. ಆದ್ರೆ ಒಬ್ಬನಿಂದ ಆಗುದಿಲ್ಲ."

ದೂರದಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು. ಅಪೊಲೊನಿಯಾಳಿಗೆ ಸಿಟ್ಟು ನೆತ್ತಿಗೇರಿತು. ಕೈಗೆ ಬಂದ ತಮ್ಮ ಈಗ ಇನ್ನಾರದೋ ಮಗನಿಗಾಗಿ ತಪ್ಪಿಹೋಗಬೇಕೇ? ಬೈಯಲು ಬಾಯಿ ತೆರೆದವಳು ಗುದ್ದಲಿ ಎತ್ತಿಕೊಂಡಳು.

ಅಗೆದರು. ಕಡಲ ನೀರು ಇಳಿಯುತ್ತಿತ್ತು. ಗುಂಡಿಯನ್ನು ಅಡ್ಡಲಾಗಿ ಅಗಲಿಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹಕ್ಕೆ ಅವಳು ಭುಜ, ಸೊಂಟ ನೋಡಿ ಕೈಕೊಟ್ಟಳು. ದುಬೈಯ ಅಲ್ ನಹ್ದಾದ ಆಸ್ಪತ್ರೆಯಲ್ಲಿ ರೋಗಿಗಳ ಮಗ್ಗುಲು ಬದಲಿಸುವುದೇ ಅವಳ ದಿನದ ಕೆಲಸ.

"ಬಲಕ್ಕೆ... ಮೆಲ್ಲಗೆ!"

ಉಮರ್ ಪಶ್ಚಿಮಕ್ಕೆ ಮುಖ ಮಾಡಿ ಮಲಗಿದ. ನೂರುದ್ದೀನ್ ಮಣ್ಣು ಮುಚ್ಚಿ ಪ್ರಾರ್ಥನೆಗೆ ಕೈಯೆತ್ತಿದ.

ಅಷ್ಟರಲ್ಲಿ ದೋಣಿ ಮರಳು ಕಚ್ಚಿತ್ತು. ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಳೆದರು. ಚಿಪ್ಪುಗಳು ಕಾಲು ಸೀಳಿದವು. ಅವಳು ಬಿದ್ದಳು, ಎದ್ದಳು, ಮತ್ತೆ ಎಳೆದಳು. ಕಾಂಡ್ಲಾ ಗಿಡಗಳ ಮರೆ ಸೇರುವಾಗ ಕಾವಲು ದೋಣಿ ದಿಬ್ಬದ ಆಚೆ ಬದಿಗೆ ಬಂದು ನಿಂತಿತ್ತು.

ದುಬೈಯ ಇಗರ್ಜಿಯಲ್ಲಿ ಪಾದ್ರಿಗಳು ಏನೂ ಕೇಳಲಿಲ್ಲ. ಅಲೆಕ್ಸಾಂಡರ್ ತನ್ನವರ ನಡುವೆ ಮಣ್ಣಾದ. ಉಮರನ ಗೋರಿಯೊಂದೇ ಉಳಿದ ದ್ವೀಪ ಇಂಗ್ಲಿಷರ ಪಾಲಾಯಿತು ಎಂಬ ಸುದ್ದಿ ಬಂತು. ಅಪೊಲೊನಿಯಾ ಅದನ್ನು ಪೂರ್ತಿ ಓದಲೂ ಇಲ್ಲ.

ನೂರುದ್ದೀನ್ ಊರಲ್ಲಿ ವಿಚಾರಿಸಿ ಉಮರನ ತಾಯಿಗೆ ಫೋನು ಹಚ್ಚಿದ್ದ. "ಅಮ್ಮಾ, ನಿಮ್ಮ ಮಗ..." ಎಂದವನು ಫೋನನ್ನು ಪಕ್ಕದವಳತ್ತ ಚಾಚಿದ. ಅಪೊಲೊನಿಯಾ ಫೋನು ತೆಗೆದುಕೊಂಡಳು.

"ಅಮ್ಮಾ, ನಾನು ನರ್ಸ್. ನಿಮ್ಮ ಮಗ ಸರಿಯಾಗಿ ಮಲಗಿದ್ದಾನೆ. ಬಲಮಗ್ಗುಲಿಗೆ ನಾನೇ ತಿರುಗಿಸಿದ್ದು."