ಅಟ್ಟದ ಮೇಲಿನ ಕೆರೆ

"ಇದು ನಿಮಗೆ ಬೇಡ."

ಅಂಗಡಿಯವನ ಬಾಯಲ್ಲಿ ಇಂಥ ಮಾತನ್ನು ಪುಷ್ಪಲತಾ ತನ್ನ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಜಾವಗಲ್‌ನಿಂದ ಬಸ್ಸಿನಲ್ಲಿ ನಿಂತುಕೊಂಡೇ ಅರಸೀಕೆರೆಗೆ ಬಂದಿದ್ದಳು. ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟವಳೇ ಗಾಜಿನ ಕಪಾಟಿನಲ್ಲಿದ್ದ ಮೂರು ಆ್ಯಂಟೆನಾದ ವೈಫೈ ಡಬ್ಬ ತೋರಿಸಿ, "ಅದನ್ನ ಕೊಡಿ" ಎಂದಿದ್ದಳು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಮಾಲು ಅದು.

"ದುಡ್ಡು ಕೊಡೋಳು ನಾನು. ಬೇಡ ಅನ್ನೋಕೆ ನೀವ್ಯಾರು?"

"ಮಾರೋನು," ಎಂದ ಅವನು ತಣ್ಣಗೆ. ಹೆಸರು ಶಶಿಧರ್. ಅರೇಹಳ್ಳಿ ಕಡೆಯಿಂದ ಬಂದು ಅಂಗಡಿ ತೆರೆದು ಎರಡು ವರ್ಷವಾಗಿತ್ತು. "ಮನೆ ಎಷ್ಟು ಉದ್ದ? ಗೋಡೆ ಮಣ್ಣಿಂದಾ, ಇಟ್ಟಿಗೇದಾ? ಫೋನ್ ಲೈನ್ ಬರೋದೆಲ್ಲಿ? ನೀವು ಕೂರೋದೆಲ್ಲಿ?"

"ಹೆಣ್ಣು ನೋಡೋಕೆ ಬರೋರೂ ಇಷ್ಟು ವಿಚಾರಿಸಲ್ಲ ಕಣ್ರೀ."

"ವಿಚಾರಿಸಬೇಕಿತ್ತು ಅಂತ ಆಮೇಲೆ ಅಂದುಕೊಳ್ತಾರೆ. ಮನೆ ನೋಡದೆ ನಾನು ಡಬ್ಬ ಮಾರಲ್ಲ. ಭಾನುವಾರ ಬರ್ತೀನಿ, ವಿಳಾಸ ಹೇಳಿ."

ಪಕ್ಕದಲ್ಲಿ ನಿಂತಿದ್ದ ಗಿರಾಕಿ ಕಿಸಕ್ಕನೆ ನಕ್ಕ. ಪುಷ್ಪಳಿಗೆ ಕೋಪ ಬಂತು. ಆದರೂ ವಿಳಾಸ ಹೇಳಿದಳು.

ಯಾಕೆ ಹೇಳಿದೆ... ಎಂದು ಬಸ್ಸಿನುದ್ದಕ್ಕೂ ತನ್ನನ್ನೇ ಕೇಳಿಕೊಂಡಳು.

ಅದು ಎರಡು ಸಾವಿರದ ಒಂಬತ್ತನೇ ಇಸವಿಯ ಏಪ್ರಿಲ್. ಜಾವಗಲ್‌ನಲ್ಲಿ ಇಂಟರ್ನೆಟ್ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಪುಷ್ಪಳಿಗೆ ಅದು ಶೋಕಿಗಲ್ಲ, ಕೆಲಸಕ್ಕೆ ಬೇಕಿತ್ತು. ಹೊರದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕಿವಿಗೊಟ್ಟು ಕೇಳಿ ಟೈಪ್ ಮಾಡುವ ಕೆಲಸ. ಬೆಳಿಗ್ಗೆ ಬಂದ ಫೈಲು ಸಂಜೆ ಐದರೊಳಗೆ ವಾಪಸ್ ಹೋಗಬೇಕು. ಮೇ ತಿಂಗಳಿಂದ ಮೂರು ತಿಂಗಳು ಪರೀಕ್ಷೆ. ಮೂರು ಸಲ ತಪ್ಪಿದರೆ ಮನೆಗೆ ಕಳಿಸುತ್ತಾರೆ. ಅವಳು ಮನೆಯಲ್ಲೇ ಇದ್ದಳೆನ್ನುವುದು ಬೇರೆ ಮಾತು.

ಅವಳ ಅಪ್ಪ ಜಯದೇವಪ್ಪ ತೆಂಗಿನಕಾಯಿ ವ್ಯಾಪಾರಿ. ತಾಯಿಯಿಲ್ಲದ ಮಗಳನ್ನು ಗದರಿಸಿ ಅಭ್ಯಾಸವಿಲ್ಲದ ಮನುಷ್ಯ, ವ್ಯಾಪಾರದಂತೆಯೇ ಒಂದು ಒಪ್ಪಂದ ಮಾಡಿಕೊಂಡಿದ್ದರು.

"ಕೆಲಸ ಖಾಯಂ ಆದ್ರೆ ನೀನು ಹೇಳಿದ ಗಂಡು. ಆಗಲಿಲ್ಲ ಅಂದ್ರೆ ನಾನು ಹೇಳಿದ ಗಂಡು. ಆಯ್ತೇನಮ್ಮ?"

"ಆಯ್ತಪ್ಪ," ಎಂದಿದ್ದಳು ಪುಷ್ಪ, ಕಣ್ಣು ಮಿಟುಕಿಸದೆ. ಅಪ್ಪ ಹೇಳುವ ಗಂಡು ಯಾರೆಂದೂ ಗೊತ್ತಿತ್ತು. ಮದುವೆಯಾದ ಮೇಲೆ ಸೊಸೆ ಸಂಬಳದ ಕೆಲಸ ಮಾಡಬಾರದು ಎಂದು ಮೊದಲೇ ಹೇಳಿ ಕಳಿಸಿದ್ದ ಮನೆತನ ಅದು.

ತೊಂದರೆಯಿದ್ದದ್ದು ಮನೆಯ ಉದ್ದದಲ್ಲಿ. ಫೋನ್ ಲೈನು ಬರುತ್ತಿದ್ದದ್ದು ಮುಂದಿನ ಪಡಸಾಲೆಗೆ. ಅಲ್ಲಿ ದಿನವಿಡೀ ವ್ಯಾಪಾರಿಗಳ ಗಲಾಟೆ. ಅವಳು ನಿಶ್ಶಬ್ದವಾಗಿ ಕೂರಬಹುದಾದದ್ದು ಹಿಂದಿನ ಮಹಡಿ ಕೋಣೆ. ಎರಡರ ನಡುವೆ ನಡುಮನೆ, ಅದರ ಮೇಲೆ ಅಟ್ಟ. ಅಟ್ಟದೊಳಗಿಂದ ಎಳೆದಿದ್ದ ಕೇಬಲ್ಲನ್ನು ಹದಿನೈದೇ ದಿನದಲ್ಲಿ ಇಲಿಗಳು ಕಡಿದಿದ್ದವು. ಹಾಗಾಗಿ ಉಳಿದದ್ದು ವೈಫೈ ಒಂದೇ.

ಭಾನುವಾರ ಶಶಿಧರ್ ಬಂದ. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಸೀಮೆಸುಣ್ಣ. ತಂದಿದ್ದ ಒಂದು ಡಬ್ಬವನ್ನು ಪಡಸಾಲೆಯ ಗೂಡಿನಲ್ಲಿಟ್ಟು, ಹೆಜ್ಜೆಹೆಜ್ಜೆಗೂ ಪರದೆ ನೋಡುತ್ತ ಮನೆಯೆಲ್ಲ ನಡೆದ. ಸಿಗ್ನಲ್ ನಾಲ್ಕು ಗೀಟು ಬಂದ ಕಡೆ ನೆಲದ ಮೇಲೆ ನಾಲ್ಕು ಗೀಟು ಎಳೆದ. ಎರಡು ಬಂದ ಕಡೆ ಎರಡು.

"ಇದೇನ್ ಸ್ವಾಮಿ, ರಂಗೋಲಿ ಬಿಡ್ತಿದೀರಾ?" ಎಂದಳು ಕಾಯಿ ಕೆಲಸಕ್ಕೆ ಬರುವ ಬೋರಮ್ಮ.

"ರಂಗೋಲಿ ಬರಲ್ಲಮ್ಮ, ಅದಕ್ಕೇ ಬರೀ ಗೀಟು," ಎಂದ.

ಪುಷ್ಪಳಿಗೆ ನಗು ತಡೆಯಲಾಗಲಿಲ್ಲ. ಅವನು ತಲೆಯೆತ್ತಿ ನೋಡಿದ. ನಗುತ್ತಿದ್ದ ಮುಖವನ್ನು ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ.

ಮಹಡಿ ಕೋಣೆಯ ಕಿಟಕಿ ಪಕ್ಕ ಐದಕ್ಕೆ ಐದೂ ಗೀಟು ಬಂತು.

"ನೋಡಿ, ಇಲ್ಲಿ ಕುರ್ಚಿ ಹಾಕ್ಕೊಳ್ಳಿ. ಒಂದೇ ಆ್ಯಂಟೆನಾದ ಈ ಡಬ್ಬ ಧಾರಾಳ ಸಾಕು. ಮೂರರದ್ದು ತಗೊಂಡಿದ್ರೆ ಸುಮ್ಮನೆ ದಂಡ."

ಅವನು ಹೋದ ಮೇಲೆ ನೆಲ ಒರೆಸಲು ಬಂದ ಬೋರಮ್ಮನಿಗೆ ಪುಷ್ಪ ಅಂದಳು, "ಆ ಗೀಟು ಅಳಿಸಬೇಡ. ಕುರ್ಚಿಗೆ ಗುರುತಿಗೆ ಬೇಕು."

"ಕುರ್ಚಿಗಾ?" ಎಂದು ಬೋರಮ್ಮ ನಕ್ಕಳು.

ಮೇ ತಿಂಗಳು ಸುಖವಾಗಿ ಕಳೆಯಿತು. ವಾರಕ್ಕೊಮ್ಮೆ ಅಂಗಡಿಯಿಂದ ಫೋನ್ ಬರುತ್ತಿತ್ತು. "ಗೀಟು ಎಷ್ಟು ಬರ್ತಿದೆ?" "ಐದು." "ಸರಿ." ಇಷ್ಟೇ ಮಾತು. ಆದರೆ ಸೋಮವಾರ ಹತ್ತು ಗಂಟೆಗೆ ಪುಷ್ಪ ಯಾಕೋ ಫೋನಿನ ಹತ್ತಿರವೇ ಇರುತ್ತಿದ್ದಳು.

ಜೂನ್ ಕೊನೆಯ ವಾರ ಐದು ಗೀಟು ಮೂರಾಯಿತು. ಎರಡು ದಿನಕ್ಕೆ ಒಂದಾಯಿತು. ಆಮೇಲೆ ಅದೂ ಇಲ್ಲ. ಅವಳ ಫೈಲು ಮೊದಲ ಸಲ ಎರಡು ಗಂಟೆ ತಡವಾಗಿ ಹೋಯಿತು. ಮಾರನೆಯ ದಿನ ಪಡಸಾಲೆಯಲ್ಲೇ ಕೂತು ಮಾಡಿದಳು. ವ್ಯಾಪಾರಿಗಳ ಕೂಗಾಟದ ನಡುವೆ ಯಾರದೋ ಬಲಗಾಲಿನ ನೋವನ್ನು ಎಡಗಾಲಿಗೆ ಬರೆದಳು. ಎರಡು ತಪ್ಪಾಯಿತು. ಕಂಪನಿಯ ಪತ್ರದಲ್ಲಿ ಒಂದೇ ಸಾಲು: ಇನ್ನೊಂದಾದರೆ ಮುಗಿಯಿತು.

ಮೂರು ಆ್ಯಂಟೆನಾ ಕೇಳಿದವಳಿಗೆ ಒಂದನ್ನು ಕೊಟ್ಟ... ಹಳೇ ಮಾಲು ಸಾಗಹಾಕಿದನೇ? ಆ ಸೀಮೆಸುಣ್ಣ, ಆ ಫೋನು, ಎಲ್ಲ ಬರೀ ವ್ಯಾಪಾರವೇ?

ನಂಬಿದ್ದಕ್ಕೆ ಆದ ನೋವು ದೊಡ್ಡದು. ಪುಷ್ಪ ಬಸ್ಸು ಹತ್ತಿ ಡಬ್ಬವನ್ನು ತಂದು ಅವನ ಮೇಜಿನ ಮೇಲಿಟ್ಟಳು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು.

"ಎರಡು ತಿಂಗಳು ಬಾಳದ ಮಾಲು. ಬೇಡದ್ದನ್ನ ಮಾರಲ್ಲ ಅಂತ ಬೋರ್ಡ್ ಹಾಕ್ಕೊಳ್ಳಿ, ಹಳೇದನ್ನ ಮಾತ್ರ ಮಾರ್ತೀನಿ ಅಂತ ಕೆಳಗೆ ಬರೀರಿ."

ಶಶಿಧರನ ಮುಖ ಬಿಳಿಚಿತು. "ಅದು ಹೊಸದೇ..." ಎಂದವನು ಅಲ್ಲಿಗೆ ನಿಲ್ಲಿಸಿದ. ಗಲ್ಲಾ ತೆರೆದು ಅವಳ ದುಡ್ಡು ವಾಪಸ್ ಕೊಟ್ಟ.

ಜಗಳವಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಹಾಗೆ ಸುಮ್ಮನೆ ಕೊಟ್ಟದ್ದು ಮನೆ ಮುಟ್ಟುವವರೆಗೂ ಚುಚ್ಚಿತು.

ಮರುದಿನ ಹನ್ನೊಂದು ಗಂಟೆಗೆ ಮನೆ ಮುಂದೆ ಬೈಕ್ ನಿಂತಿತು. ಹಿಂದೆ ಕೇಬಲ್ ಸುರುಳಿ, ಕಬ್ಬಿಣದ ಪೈಪು, ಎರಡು ಡಬ್ಬ.

"ದುಡ್ಡು ಕೊಟ್ಟಾಯ್ತಲ್ಲ. ಮತ್ತೇನು?" ಎಂದಳು ಪುಷ್ಪ ಬಾಗಿಲಲ್ಲೇ ನಿಂತು.

"ಡಬ್ಬ ರಾತ್ರಿಯೆಲ್ಲ ನನ್ನ ಅಂಗಡೀಲಿ ಓಡಿಸಿದೆ. ಏನೂ ಆಗಿಲ್ಲ. ಹಾಗಾದ್ರೆ ತಪ್ಪು ನಾನು ನೋಡಿದ್ದರಲ್ಲಿದೆ. ಅದೇನು ಅಂತ ತಿಳ್ಕೊಂಡು ಹೋಗ್ತೀನಿ. ನೀವು ಮಾತಾಡಿಸದೇ ಇದ್ರೂ ಪರವಾಗಿಲ್ಲ."

ಅವಳು ಪಕ್ಕಕ್ಕೆ ಸರಿದಳು.

ಮಹಡಿ ಕೋಣೆಗೆ ಬಂದವನು ಮೊದಲು ನೋಡಿದ್ದು ನೆಲ. ಏಪ್ರಿಲ್‌ನಲ್ಲಿ ಎಳೆದ ಐದು ಗೀಟು ಇನ್ನೂ ಹಾಗೇ ಇದ್ದವು. ಅಳಿಸಿದ್ದಲ್ಲೆಲ್ಲ ಮತ್ತೆ ತಿದ್ದಿದ ಗುರುತು. ಪುಷ್ಪ ಕಿಟಕಿಯಾಚೆ ನೋಡಿದಳು.

ಪಕ್ಕದ ಅಟ್ಟದಿಂದ ಲೊಟಕ್, ಲೊಟಕ್ ಎಂದು ಸದ್ದು ಬರುತ್ತಿತ್ತು.

"ಅದೇನು?"

"ಬೋರಮ್ಮ ಕಾಯಿ ಅಲ್ಲಾಡಿಸಿ ನೋಡ್ತಿದಾಳೆ," ಎಂದಳು ಪುಷ್ಪ.

ಶಶಿಧರ್ ಅಟ್ಟದ ಬಾಗಿಲು ತಳ್ಳಿದವನು ಅಲ್ಲೇ ನಿಂತುಬಿಟ್ಟ. ಏಪ್ರಿಲ್‌ನಲ್ಲಿ ಅವನು ಕಂಡಿದ್ದು ಖಾಲಿ ಅಟ್ಟ. ಈಗ ನೆಲದಿಂದ ಜಂತೆಯವರೆಗೆ ಸಿಪ್ಪೆ ಸಮೇತ ತೆಂಗಿನಕಾಯಿ.

"ಇವೆಲ್ಲ ಯಾವಾಗ ಬಂದ್ವು?"

"ಹೋದ ವಾರ ತುಂಬಿದ್ದು ಕಣಪ್ಪ. ಹದಿನೆಂಟು ಸಾವಿರ ಐತೆ," ಎಂದಳು ಬೋರಮ್ಮ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಇನ್ನೂ ನೀರು ಐತೆ. ಒಣಗಿ ಕೊಬ್ಬರಿ ಆಗಾಕೆ ಬರೋ ಬೇಸಿಗೆ ಆಗಬೇಕು."

"ನೀರು," ಎಂದ ಶಶಿಧರ್. ನಿಧಾನವಾಗಿ ಗೋಡೆಗೊರಗಿ ನಗತೊಡಗಿದ. "ವೈಫೈ ಗೋಡೆ ದಾಟುತ್ತೆ ಕಣ್ರೀ, ನೀರು ದಾಟಲ್ಲ. ಒಂದೊಂದು ಕಾಯೀಲಿ ಒಂದು ಲೋಟ ಅಂದುಕೊಂಡ್ರೂ... ನಿಮ್ಮ ಅಟ್ಟದ ಮೇಲೆ ಒಂದು ಕೆರೆ ಇದೆ. ಅದರ ಆ ದಡದಲ್ಲಿ ನಾನು ಡಬ್ಬ ಇಟ್ಟೆ, ಈ ದಡದಲ್ಲಿ ನೀವು ಕೂತಿದ್ರಿ."

ಪುಷ್ಪ ಕಾಯಿಯ ರಾಶಿಯತ್ತ ನೋಡಿದಳು. ಹುಟ್ಟಿದಾಗಿನಿಂದ ಪ್ರತಿ ವರ್ಷ ಆ ಅಟ್ಟ ತುಂಬುವುದನ್ನೂ ಖಾಲಿಯಾಗುವುದನ್ನೂ ನೋಡಿದ್ದಳು. ಅದನ್ನು ಇವನಿಗೆ ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಹೇಳದೇ ಇದ್ದದ್ದು ನನ್ನ ತಪ್ಪು," ಎಂದಳು.

"ಕೇಳದೇ ಇದ್ದದ್ದು ನಂದು. ನಾನು ಕಾಫಿ ಸೀಮೆಯೋನು. ಖಾಲಿ ಅಟ್ಟ ನೋಡಿ ಖಾಲಿಯೇ ಇರುತ್ತೆ ಅಂದುಕೊಂಡೆ. ಒಂದೇ ಡಬ್ಬದಲ್ಲಿ ಮುಗಿಸಿದೆ ಅಂತ ಜಂಬ ಬೇರೆ."

"ನಾಲ್ಕು ಜನರ ಮುಂದೆ ಅಂದುಬಿಟ್ಟೆ..."

"ಐದು ಜನ. ಮೂಲೇಲಿ ಒಬ್ರು ಕೂತಿದ್ರು." ಅವನು ಕೇಬಲ್ ಬಿಚ್ಚತೊಡಗಿದ. "ಇವತ್ತಿನ ಫೈಲು ಎಷ್ಟು ಹೊತ್ತಿಗೆ ಹೋಗಬೇಕು?"

"ಐದಕ್ಕೆ. ಬೆಳಿಗ್ಗೆ ಪಡಸಾಲೇಲಿ ಫೈಲು ಇಳಿಸ್ಕೊಂಡು ಕಂಪ್ಯೂಟರ್ ಮೇಲಕ್ಕೆ ಹೊತ್ತು ತಂದಿದೀನಿ, ಮತ್ತೆ ಕೆಳಗಿಳಿಸೋಕೆ ಹೊತ್ತಿರಲ್ಲ. ಇದು ತಪ್ಪಿದ್ರೆ ಮೂರನೇ ತಪ್ಪು."

"ಹಾಗಾದ್ರೆ ನೀವು ಟೈಪ್ ಮಾಡ್ತಾ ಇರಿ. ಕೆರೆ ದಾಟೋಕೆ ಆಗದೇ ಇದ್ರೆ ಏರಿ ಮೇಲೆ ಸುತ್ತಿಕೊಂಡು ಹೋಗೋದು."

ಪಡಸಾಲೆಯಿಂದ ಹೊರಗೋಡೆಯುದ್ದಕ್ಕೂ ಪೈಪು ಹೊಡೆದ. ಇಲಿ ಹಲ್ಲು ತಾಗದಂತೆ ಕೇಬಲ್ಲನ್ನು ಅದರೊಳಗೆ ತೂರಿಸಿ ಮಹಡಿಯ ಕಿಟಕಿಗೆ ತಂದ. ಜಯದೇವಪ್ಪ ವ್ಯಾಪಾರ ಬಿಟ್ಟು ಬಂದು ಏಣಿ ಹಿಡಿದುಕೊಂಡರು. ಊಟಕ್ಕೆ ಕರೆದರೆ ಅವನು ಇಳಿಯಲಿಲ್ಲ. ಬೋರಮ್ಮ ಏಣಿಯ ಮೇಲೇ ಮಜ್ಜಿಗೆ ಕೊಟ್ಟಳು.

ನಾಲ್ಕೂ ಐವತ್ತಕ್ಕೆ ಎರಡನೆಯ ಡಬ್ಬದ ಹಸಿರು ದೀಪ ಹತ್ತಿತು. ಪುಷ್ಪಳ ಪರದೆಯಲ್ಲಿ ಐದು ಗೀಟು ಮೂಡಿದವು. ನಾಲ್ಕೂ ಐವತ್ತಾರಕ್ಕೆ ಫೈಲು ಹೋಯಿತು.

ಅವಳು ತಿರುಗಿ ನೋಡಿದಳು. ಬೆವರು, ಸುಣ್ಣ ಮೆತ್ತಿದ ಮುಖದಲ್ಲಿ ಅವನು ಬಾಗಿಲಿಗೊರಗಿ ನಿಂತಿದ್ದ.

"ಹೋಯ್ತಾ?"

"ಹೋಯ್ತು," ಎಂದಳು.

ಆಗಸ್ಟ್‌ನಲ್ಲಿ ಕೆಲಸ ಖಾಯಂ ಆದ ಪತ್ರ ಬಂತು. ಜಯದೇವಪ್ಪ ಅದನ್ನು ಎರಡು ಸಲ ಓದಿಸಿಕೊಂಡರು.

"ಮಾತು ಅಂದ್ರೆ ಮಾತು. ಹೇಳು, ಯಾವ ಗಂಡು?"

"ಅವತ್ತು ನೀವು ಯಾರಿಗೆ ಏಣಿ ಹಿಡ್ಕೊಂಡಿದ್ರೋ, ಅವರೇ ಅಪ್ಪ."

ಜಯದೇವಪ್ಪ ಪತ್ರವನ್ನು ಮಡಿಸಿಟ್ಟರು. "ದುಬಾರಿ ಮಾಲು ಬೇಡ ಅನ್ನೋನು ವ್ಯಾಪಾರದಲ್ಲಿ ಮೇಲೆ ಬರೋದು ನಿಧಾನ ಕಣಮ್ಮ."

"ನಿಧಾನ ಆದ್ರೂ ಬರ್ತಾರಲ್ಲ."

"ಅವನಿಗೆ ಗೊತ್ತೈತಾ?"

"ಇನ್ನೂ ಇಲ್ಲ."

ಜಯದೇವಪ್ಪನವರು ಹಾಗೆ ನಕ್ಕಿದ್ದನ್ನು ಪಡಸಾಲೆಯ ವ್ಯಾಪಾರಿಗಳು ಯಾವತ್ತೂ ಕಂಡಿರಲಿಲ್ಲ.

ಶಶಿಧರನ ತಾಯಿ ಸುವರ್ಣಮ್ಮನವರಿಗೆ ಹೇಳಿಕಳಿಸಿದ್ದಾಯಿತು. ಅವರು ಸಂತೋಷದಿಂದ ಒಪ್ಪಿದ್ದೂ ಆಯಿತು. ಗಂಡಿನ ಮನೆ ನೋಡಿ ಬರಲು ಹಿರಿಯರು ಹೊರಟಾಗ ಪುಷ್ಪಳೂ ಸೀರೆಯುಟ್ಟು ನಿಂತಳು.

"ಗಂಡಿನ ಮನೆ ನೋಡಾಕೆ ಹುಡುಗೀನೇ ಹೋಗೋದು ಎಲ್ಲಾದ್ರೂ ಐತಾ?" ಎಂದು ಬೋರಮ್ಮ ಬಾಯಿಗೆ ಸೆರಗು ಹಿಡಿದಳು.

"ಮನೆ ನೋಡದೆ ಒಂದು ಡಬ್ಬಾನೂ ತಗೋಬಾರದು ಬೋರಮ್ಮ. ಅವರೇ ಹೇಳಿದ್ದು."

ಅಂಗಡಿಯ ಹಿಂದೆಯೇ ಎರಡು ಕೋಣೆಯ ಬಾಡಿಗೆ ಮನೆ. ಸುವರ್ಣಮ್ಮ ಅವಳನ್ನು ಬಾಗಿಲಲ್ಲಿ ಕಂಡು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಕೈಹಿಡಿದು ಒಳಗೆ ಕರೆದುಕೊಂಡರು. "ಬಾಮ್ಮ, ಬಾ. ಬದುಕೋಳು ನೀನು, ನೀನೇ ನೋಡಬೇಕು."

ಹಿರಿಯರು ಹೊರಗೆ ಮಾತಿಗೆ ಕೂತರು. ಒಳಕೋಣೆಯಲ್ಲಿ ಶಶಿಧರ್ ಇಸ್ತ್ರಿ ಅಂಗಿಯಲ್ಲಿ ಮುಜುಗರದಿಂದ ನಿಂತಿದ್ದ. ಮೆಲ್ಲಗೆ ಕೇಳಿದ, "ಅಪ್ಪ ಹೇಳಿದ್ರು ಅಂತ ಬಂದ್ರಾ?"

"ಅಪ್ಪನ್ನ ಕರ್ಕೊಂಡು ಬಂದೋಳು ನಾನು."

ಅವನ ಭುಜದ ಬಿಗಿ ಇಳಿದದ್ದು ಅವಳಿಗೆ ಕಂಡಿತು.

"ಸೋಮವಾರ ಹತ್ತು ಗಂಟೆಗೆ ಫೋನ್ ಮಾಡ್ತಿದ್ನಲ್ಲ," ಎಂದ. "ಬೇರೆ ಯಾವ ಗಿರಾಕಿಗೂ ನಾನು ಹಾಗೆ ಮಾಡಿಲ್ಲ."

"ಗೊತ್ತಿತ್ತು. ಗೊತ್ತಿದ್ದಕ್ಕೇ ಅವತ್ತು ಅಷ್ಟು ಕೋಪ ಬಂದಿದ್ದು."

ಪುಷ್ಪ ಕೈ ಚಾಚಿದಳು. "ಸೀಮೆಸುಣ್ಣ ಇದೆಯಾ?"

ಇಸ್ತ್ರಿ ಅಂಗಿಯ ಜೇಬಿನಲ್ಲೂ ಒಂದು ತುಂಡು ಇತ್ತು. ಅದನ್ನು ತೆಗೆದುಕೊಂಡು ಕೋಣೆಯೆಲ್ಲ ನಡೆದಳು. ಬಾಗಿಲ ಪಕ್ಕ ಬಗ್ಗಿ ನೆಲದ ಮೇಲೆ ಒಂದು ಚೌಕ ಬರೆದಳು.

"ಇಲ್ಲಿ ನನ್ನ ಮೇಜು."

"ಅಲ್ಲಿ ಮೂರೇ ಗೀಟು ಬರೋದು," ಎಂದ ಅವನು. "ಆ ಗೋಡೆ ಹತ್ರ ಐದೂ ಬರುತ್ತೆ."

"ಇರಲಿ. ಇಲ್ಲಿಂದ ಅಂಗಡಿ ಕಾಣುತ್ತೆ."

ಶಶಿಧರ್ ಆ ಚೌಕ ನೋಡಿದ. ಆಮೇಲೆ ಮೂಲೆಯ ಗೂಡಿನಲ್ಲಿದ್ದ ಡಬ್ಬದ ಕಡೆ ಹೊರಟ.

"ಡಬ್ಬಾನೇ ಈ ಕಡೆ ತರ್ತೀನಿ."

"ನಿಧಾನವಾಗಿ ತನ್ನಿ," ಎಂದಳು ಪುಷ್ಪ, ಅವನನ್ನು ತಡೆದು ಜೇಬಿಗೆ ಹತ್ತಿದ್ದ ಸೀಮೆಸುಣ್ಣವನ್ನು ಸೆರಗಿನಿಂದ ಒರೆಸುತ್ತ. "ನಾನೆಲ್ಲೂ ಹೋಗಲ್ಲ."